ಅಪೀಲು ಹಾಕಿದ ಮೇಲೂ ಅಮೀನರು ಬಂದರು

ಮಂಡ್ಯ ಜಿಲ್ಲೆಯ ನ್ಯಾಯಾಲಯಗಳಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು ಈ ಸಂಚಿಕೆಯಲ್ಲಿ ಜಮೀನು ವ್ಯಾಜ್ಯದ ಮೂರು ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮಾನ್ಯರೇ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ನಮ್ಮ ಅನುಭವದಲ್ಲಿರುವ 1 ಎಕರೆ 12 ಗುಂಟೆ ಜಮೀನಿನ ಮೇಲೆ ದೊಡ್ಡಪ್ಪನ ಮಕ್ಕಳು ದಾವೆ ಹಾಕಿದ್ದರು. ಜಮೀನು ಅವರದೆಂದು ಘೋಷಿಸಿ, ಸ್ವಾಧೀನ ಬಿಟ್ಟುಕೊಡಬೇಕೆಂದು ಸಿವಿಲ್ ನ್ಯಾಯಾಧೀಶರು ತೀರ್ಪು ಕೊಟ್ಟಿದ್ದಾರೆ. ನಾವು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ಅಪೀಲು ಹಾಕಿದ್ದೇವೆ. ಹಾಕುವುದು ಸ್ವಲ್ಪ ತಡವಾದ ಕಾರಣ ಇನ್ನೂ ತಡ ಮನ್ನಾ ಅರ್ಜಿಯ ಮೇಲೆಯೇ ವಾಯಿದೆ ಬೀಳುತ್ತಿದೆ. ಅಷ್ಟರಲ್ಲಿ ಮೊನ್ನೆ ತೀರ್ಪು ಜಾರಿ ಮಾಡುವ ನ್ಯಾಯಾಲಯದ ಅಮೀನರು ಬಂದು, ಎಂಟು ತಿಂಗಳ ಕಬ್ಬು ನಿಂತಿದೆ ಎಂದು ಬರೆದುಕೊಂಡು ಹೋದರು. ನಮಗೆ ಯಾವ ನೋಟಿಸೂ ಬಂದಿರಲಿಲ್ಲ. ಅಪೀಲು ಇರುವಾಗ ಅಮೀನರು ಜಮೀನಿಗೆ ಕಾಲಿಡುವ ಹಾಗಿಲ್ಲ, ಇನ್ನೊಮ್ಮೆ ಬಂದರೆ ಅಡ್ಡ ನಿಲ್ಲುತ್ತೇವೆ ಎಂದು ಊರಿನವರು ಹೇಳುತ್ತಿದ್ದಾರೆ. ನಾವು ಏನು ಮಾಡಬೇಕು?
ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ಮೊದಲು ಊರಿನವರ ಮಾತನ್ನು ಮುಗಿಸಿಬಿಡೋಣ. ದಯವಿಟ್ಟು ಯಾರನ್ನೂ ಅಡ್ಡ ನಿಲ್ಲಿಸಬೇಡಿ. ಸೋತವರೇ ಆಗಲಿ, ಅವರ ಪರವಾಗಿ ನಿಂತವರೇ ಆಗಲಿ, ಸರಿಯಾದ ಕಾರಣವಿಲ್ಲದೆ ಸ್ವಾಧೀನಕ್ಕೆ ಅಡ್ಡಿ ಮಾಡಿದರೆ 30 ದಿನಗಳವರೆಗೆ ಸಿವಿಲ್ ಬಂಧನದಲ್ಲಿಡಲು ಸಿವಿಲ್ ಪ್ರಕ್ರಿಯಾ ಸಂಹಿತೆ ಅವಕಾಶ ಕೊಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಅಂದು ಆಡಿದ ಮಾತು, ಎತ್ತಿದ ಕೈ ಎಲ್ಲವೂ ಅಮೀನರ ವರದಿಯಲ್ಲಿ ದಾಖಲಾಗುತ್ತವೆ. ಮುಂದೆ ನೀವು ತಡೆಯಾಜ್ಞೆ ಕೇಳುವ ದಿನ ಎದುರು ಪಕ್ಷದ ವಕೀಲರು ಅದೇ ಹಾಳೆಯನ್ನು ಎತ್ತಿ ಓದುತ್ತಾರೆ. ಜಗಲಿಯ ಮೇಲೆ ಕುಳಿತು ಕಾನೂನು ಹೇಳಿದವರು ಆ ದಿನ ನ್ಯಾಯಾಲಯದ ಹತ್ತಿರ ಸುಳಿಯುವುದಿಲ್ಲ.

ನಾನು ವಕೀಲನಲ್ಲ ಎಂಬುದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಅಮಲ್ಜಾರಿ (ತೀರ್ಪನ್ನು ಜಾರಿಗೆ ತರುವ) ಕಡತಗಳ ನಡುವೆ ಕುಳಿತು ತಲೆ ನರೆಸಿಕೊಂಡವನು. ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ. ಅದನ್ನು ನಿಮ್ಮ ವಕೀಲರ ಮುಂದಿಟ್ಟು ಮಾತನಾಡಿ.

ಅಪೀಲು ಹಾಕಿದ ಮಾತ್ರಕ್ಕೆ ತೀರ್ಪಿನ ಜಾರಿ ನಿಲ್ಲುವುದಿಲ್ಲ. ಸಂಹಿತೆಯ 41ನೇ ಆದೇಶದ (ಸಂಹಿತೆಯಲ್ಲಿ ‘ಆದೇಶ’ ಎಂದರೆ ಅಧ್ಯಾಯವಿದ್ದಂತೆ) 5ನೇ ನಿಯಮ ಶುರುವಾಗುವುದೇ ಈ ಮಾತಿನಿಂದ. ಮೇಲ್ಮನವಿ ಒಂದು ಕಾಗದ, ತಡೆಯಾಜ್ಞೆಯ ಅರ್ಜಿ ಇನ್ನೊಂದು ಕಾಗದ. ಎರಡನೆಯದರ ಮೇಲೆ ಆದೇಶ ಆಗುವವರೆಗೆ ಗೆದ್ದವರು ಅಮಲ್ಜಾರಿ ಅರ್ಜಿ ಹಾಕಬಹುದು, ಶುಲ್ಕ ಕಟ್ಟಿ ವಾರಂಟು ಪಡೆಯಬಹುದು, ಅಮೀನರನ್ನು ಗದ್ದೆಯ ಬದುವಿಗೆ ಕರೆತರಬಹುದು. ನೋಟಿಸು ಬರಲಿಲ್ಲ ಎಂಬ ನಿಮ್ಮ ದೂರೂ ನಿಲ್ಲುವುದಿಲ್ಲ. ಡಿಕ್ರಿಯಾಗಿ, ಅಂದರೆ ತೀರ್ಪಿನಂತೆ ವಿಧ್ಯುಕ್ತ ಆಜ್ಞೆಯಾಗಿ, ಎರಡು ವರ್ಷ ಕಳೆದ ಮೇಲೆ ಅಮಲ್ಜಾರಿಗೆ ಬಂದರೆ ಮಾತ್ರ ಮೊದಲು ನೋಟಿಸು ಕೊಡಬೇಕೆಂಬ ನಿಯಮವಿದೆ. ನಿಮ್ಮದು ಹೊಸ ಡಿಕ್ರಿ. ಅಮೀನರು ಮುನ್ಸೂಚನೆ ಇಲ್ಲದೆ ಬಂದದ್ದರಲ್ಲಿ ತಪ್ಪೇನೂ ಇಲ್ಲ. ನಿಂತ ಬೆಳೆಯನ್ನು ನೋಡಿ, ಬರೆದುಕೊಂಡು ಹಿಂದಿರುಗಿದ್ದಾರೆ ಎಂದರೆ ನಿಮಗೆ ಸ್ವಲ್ಪ ಸಮಯ ಸಿಕ್ಕಿದೆ ಎಂದು ತಿಳಿಯಿರಿ. ಆ ವರದಿಯ ನಕಲಿಗೆ ಇಂದೇ ಅರ್ಜಿ ಕೊಡಿ. ಅದರಲ್ಲಿರುವ ಕಬ್ಬಿನ ಸಾಲು ನಿಮ್ಮ ಕೆಲಸಕ್ಕೆ ಬರುತ್ತದೆ.

ನಿಮ್ಮ ಪತ್ರದ ನಿಜವಾದ ಗಂಟು ಇರುವುದು ‘ಸ್ವಲ್ಪ ತಡವಾದ ಕಾರಣ’ ಎಂದು ನೀವು ದಾಟಿಸಿಬಿಟ್ಟ ಕಡೆ. ಈ ದರ್ಜೆಯ ಮೇಲ್ಮನವಿಗೆ 30 ದಿನ, ಹೈಕೋರ್ಟಿಗಾದರೆ 90 ದಿನ. ಅವಧಿ ಮೀರಿ ಹಾಕಿದ ಅಪೀಲಿನಲ್ಲಿ ತಡ ಮನ್ನಾ ವಿಚಾರ ತೀರ್ಮಾನವಾಗಿ, ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳುವುದೆಂದು ನ್ಯಾಯಾಲಯ ನಿರ್ಧರಿಸುವ ತನಕ ಅಮಲ್ಜಾರಿಗೆ ತಡೆ ಕೊಡುವಂತಿಲ್ಲ. ಸಂಹಿತೆಯ ಅದೇ 41ನೇ ಆದೇಶದ 3ಎ ನಿಯಮ ಇದನ್ನು ಹೇಳುತ್ತದೆ. ಹಾಗಾಗಿ ನೀವು ವಾಯಿದೆಯ ಮೇಲೆ ವಾಯಿದೆ ಎಣಿಸುತ್ತಾ ಕುಳಿತರೆ ಎದುರಾಳಿಗೆ ಅಡ್ಡಿಯೇ ಇಲ್ಲ.

ಆದರೆ ನಿಜವಾಗಿಯೂ ತಡವಾಗಿದೆಯೇ? ತೀರ್ಪಿನ ದೃಢೀಕೃತ ನಕಲನ್ನು ಕೈಗೆ ತೆಗೆದುಕೊಂಡು ಕೊನೆಯ ಹಾಳೆಯ ಮೇಲಿನ ಮೊಹರು ನೋಡಿ. ನಕಲಿಗೆ ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಲು ಹೇಳಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ನಾಲ್ಕೈದು ತಾರೀಕುಗಳನ್ನು ಅಲ್ಲಿ ಕೈಯಲ್ಲಿ ತುಂಬಿರುತ್ತಾರೆ. ನಕಲು ತಯಾರಾಗಲು ಬೇಕಾದ ಸಮಯವನ್ನು 30 ದಿನಗಳ ಲೆಕ್ಕದಲ್ಲಿ ಬಿಡಬೇಕು. ತೀರ್ಪು ಬಂದ ದಿನವನ್ನೂ ಬಿಡಬೇಕು. ಕೊನೆಯ ದಿನ ರಜೆಯಾಗಿದ್ದರೆ ನ್ಯಾಯಾಲಯ ತೆರೆದ ದಿನ ಹಾಕಿದರೂ ನಡೆಯುತ್ತದೆ. ಆದರೆ ಶುಲ್ಕ ಕಟ್ಟಲು ಹೇಳಿದ ಮೇಲೆ ನೀವು ಕಟ್ಟದೆ ಕಳೆದ ದಿನಗಳು, ಸಿದ್ಧವಾದ ನಕಲನ್ನು ತೆಗೆದುಕೊಳ್ಳದೆ ಬಿಟ್ಟ ದಿನಗಳು ನಿಮ್ಮ ತಲೆಯ ಮೇಲೆಯೇ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ತಡವೇ ಇಲ್ಲ ಎಂದು ಕಂಡುಬಂದರೆ ಮನ್ನಾ ಅರ್ಜಿಯ ಅಗತ್ಯವೇ ಬೀಳುವುದಿಲ್ಲ. ಹನ್ನೆರಡು ದಿನ ತಡವೆಂದು ಬಂದರೆ, ಆ ಹನ್ನೆರಡು ದಿನ ಎಲ್ಲಿದ್ದಿರಿ, ಏಕೆ ಆಯಿತು ಎಂಬುದಕ್ಕೆ ದಾಖಲೆ ಇಡಿ. ‘ಅನಾರೋಗ್ಯದ ನಿಮಿತ್ತ’ ಎಂಬ ಎರಡು ಪದಗಳನ್ನು ನ್ಯಾಯಾಧೀಶರು ದಿನಕ್ಕೆ ಹತ್ತು ಸಲ ಓದುತ್ತಾರೆ. ಆಸ್ಪತ್ರೆಯ ಚೀಟಿ ಲಗತ್ತಿಸಿದವರು ಕಡಿಮೆ.

ಇದರ ಜೊತೆಗೆ ವಾಯಿದೆಯನ್ನು ಮುಂಚಿತವಾಗಿ ತೆಗೆದುಕೊಳ್ಳಬೇಕೆಂದು ಅರ್ಜಿ ಹಾಕಿಸಿ. ಅಮಲ್ಜಾರಿ ಕಡತದ ಆದೇಶ ಹಾಳೆಯ ನಕಲನ್ನೂ ವಾರಂಟಿನ ಮೇಲೆ ಅಮೀನರು ಬರೆದ ವರದಿಯನ್ನೂ ಅದಕ್ಕೆ ಸೇರಿಸಿ. ಬಾಯಲ್ಲಿ ‘ತುರ್ತು’ ಎನ್ನುವುದಕ್ಕೂ ವಾರಂಟಿನ ತಾರೀಕು ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಅಪೀಲಿನ ಅವಧಿ ಇನ್ನೂ ಮುಗಿಯದೆ ಇರುವಾಗ ತೀರ್ಪು ಕೊಟ್ಟ ನ್ಯಾಯಾಲಯವೇ ಕೆಲಕಾಲ ಜಾರಿಯನ್ನು ತಡೆಹಿಡಿಯಬಹುದಿತ್ತು. ನಿಮ್ಮ ವಿಷಯದಲ್ಲಿ ಆ ಬಾಗಿಲು ಮುಚ್ಚಿದೆ. ತೀರ್ಪು ಇದೀಗ ಬಂದಿರುವ ಬೇರೆ ಓದುಗರು ಯಾರಾದರೂ ಇದ್ದರೆ ಈ ಸಾಲನ್ನು ಗುರುತು ಹಾಕಿಕೊಳ್ಳಲಿ.

ಇನ್ನು ತಡೆಯಾಜ್ಞೆಯ ಅರ್ಜಿ. ಮೂರು ಸಂಗತಿ ಮನವರಿಕೆಯಾಗದೆ ನ್ಯಾಯಾಲಯ ತಡೆ ಕೊಡುವಂತಿಲ್ಲ: ತಡೆ ಕೊಡದಿದ್ದರೆ ನಿಮಗೆ ಗಣನೀಯ ನಷ್ಟವಾದೀತು, ಅರ್ಜಿ ಹಾಕುವುದರಲ್ಲಿ ವಿನಾಕಾರಣ ವಿಳಂಬವಾಗಿಲ್ಲ, ಮುಂದೆ ಸೋತರೆ ಡಿಕ್ರಿಯಂತೆ ನಡೆಯಲು ನೀವು ಭದ್ರತೆ ಕೊಟ್ಟಿದ್ದೀರಿ. ನಮ್ಮವರ ಅರ್ಜಿಗಳು ಮೊದಲನೆಯದರಲ್ಲೇ ಮುಗ್ಗರಿಸುತ್ತವೆ. ನಾನು ಕಂಡ ಪ್ರಮಾಣಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನವು: ‘ನನಗೆ ತುಂಬಲಾರದ ನಷ್ಟ ಉಂಟಾಗುತ್ತದೆ, ಎದುರುದಾರರಿಗೆ ಯಾವ ತೊಂದರೆಯೂ ಇಲ್ಲ.’ ಯಾವ ನಷ್ಟ, ಎಷ್ಟು, ಏಕೆ ತುಂಬಲಾರದು, ಒಂದಕ್ಷರವೂ ಇಲ್ಲ. ಹೆಸರು ಬದಲಾಯಿಸಿದರೆ ಮಳವಳ್ಳಿಯ ಅರ್ಜಿ ನಾಗಮಂಗಲಕ್ಕೂ ಆದೀತು.

ನಿಮ್ಮದನ್ನು ಹೀಗೆ ಬರೆಸಿ ನೋಡಿ: ‘ಸದರಿ ಜಮೀನಿನಲ್ಲಿ ಎಂಟು ತಿಂಗಳ ಕಬ್ಬು ನಿಂತಿದೆ. ಇದನ್ನು ಕಾರ್ಖಾನೆಗೆ ಒಪ್ಪಿಗೆ ಮಾಡಿಕೊಂಡಿದ್ದೇನೆ. ಪೂರ್ವದ ಬದುವಿನ ಮೇಲೆ ನಮ್ಮ ತಂದೆ ನೆಟ್ಟ, ಫಲ ಕೊಡುತ್ತಿರುವ ಇಷ್ಟು ತೆಂಗಿನ ಮರಗಳಿವೆ. ನೈಋತ್ಯ ಮೂಲೆಯಲ್ಲಿ ನಾನು ಕೊರೆಸಿದ ಕೊಳವೆ ಬಾವಿ ಇದೆ. ವಿದ್ಯುತ್ ಮೀಟರು ನನ್ನ ಹೆಸರಿನಲ್ಲಿದೆ. ಮನೆಯ ಹಸುಗಳಿಗೆ ಮೇವು ಇದೇ ಜಮೀನಿನಿಂದ ಬರುತ್ತದೆ.’ ಪ್ರತಿಯೊಂದು ಸಾಲಿಗೂ ಒಂದೊಂದು ಕಾಗದ ಜೋಡಿಸಿ: ಕಾರ್ಖಾನೆಯ ಒಪ್ಪಿಗೆ ಚೀಟಿ, ವಿದ್ಯುತ್ ಬಿಲ್ಲು, ಬೆಳೆ ಕಾಲಂ ಕಾಣುವ ಪಹಣಿ, ತಾರೀಕು ಬೀಳುವ ಹಾಗೆ ತೆಗೆದ ಚಿತ್ರಗಳು, ಹಾಲಿನ ಡೈರಿಯ ಪಾಸ್‌ಪುಸ್ತಕ. ಇವುಗಳಲ್ಲಿ ಇಲ್ಲದ್ದನ್ನು ಇದೆ ಎಂದು ಬರೆಸಬೇಡಿ. ಪ್ರಮಾಣ ಮಾಡುವವರು ನೀವು, ವಕೀಲರಲ್ಲ.

ತೆಂಗಿನ ಮರಗಳ ವಿಷಯವನ್ನು ಬೇಕೆಂದೇ ಎತ್ತಿದ್ದೇನೆ. ಅಪೀಲಿನಲ್ಲಿ ನೀವು ಗೆದ್ದರೆ ಹೋದ ಸ್ವಾಧೀನವನ್ನು ಹಿಂದಿರುಗಿಸುವ ವ್ಯವಸ್ಥೆ ಸಂಹಿತೆಯ 144ನೇ ಕಲಮಿನಲ್ಲಿ ಇದೆ. ಎದುರು ವಕೀಲರು ಅದನ್ನೇ ಹಿಡಿದು, ‘ಗೆದ್ದರೆ ಜಮೀನು ವಾಪಸ್ಸು ಬರುತ್ತದಲ್ಲ, ನಷ್ಟ ಎಲ್ಲಿಯದು?’ ಎನ್ನುತ್ತಾರೆ. ಜಮೀನು ವಾಪಸ್ಸು ಬಂದೀತು. ಅಷ್ಟರಲ್ಲಿ ಕಡಿದು ಹಾಕಿದ ಮೂವತ್ತು ವರ್ಷದ ತೆಂಗು ಬರುವುದಿಲ್ಲ, ಜೆಸಿಬಿ ಹಾಯ್ದ ಮಣ್ಣಿನ ಮಟ್ಟ ಬರುವುದಿಲ್ಲ, ಬಡಾವಣೆಗೆಂದು ಕಲ್ಲು ನೆಟ್ಟ ಗದ್ದೆ ಮತ್ತೆ ಗದ್ದೆಯಾಗುವುದಿಲ್ಲ. ಮೈಸೂರು ರಸ್ತೆಯ ಎರಡು ಬದಿಯಲ್ಲಿ ಏನಾಗುತ್ತಿದೆ ಎಂದು ನ್ಯಾಯಾಧೀಶರೂ ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. ಜಮೀನಿನ ಸ್ವರೂಪ ಬದಲಾಗುವ ಭಯಕ್ಕೆ ಆಧಾರವಿದ್ದರೆ ಅದನ್ನು ಬಿಡಿಸಿ ಬರೆಸಿ.

ಕಬ್ಬಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪೂರ್ತಿ ತಡೆ ಸಿಗದೆ ಹೋದರೆ ಕಟಾವು ಮುಗಿಯುವ ತನಕವಾದರೂ ಅವಕಾಶ ಕೊಡಿ ಎಂದು ಪರ್ಯಾಯವಾಗಿ ಕೇಳಿಕೊಳ್ಳಬಹುದು, ಕೇಳಬೇಕು. ಆದರೆ ಕಟಾವಾದ ಮರುವಾರ ಕೂಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ನೀರು ಬಿಟ್ಟು, ಮತ್ತೆ ಬಂದು ‘ಬೆಳೆ ನಿಂತಿದೆ ಸ್ವಾಮಿ’ ಎನ್ನಬೇಡಿ. ಮಂಡ್ಯದ ನ್ಯಾಯಾಲಯಗಳಲ್ಲಿ ಕುಳಿತವರಿಗೆ ಕೂಳೆ ಕಬ್ಬು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆ ಕಬ್ಬಿಗೆ ಕೊನೆಯೇ ಇಲ್ಲದಂತೆ ಮಾಡಲು ಹೋದವರೊಬ್ಬರ ಅರ್ಜಿ ಎರಡೇ ನಿಮಿಷದಲ್ಲಿ ವಜಾ ಆದದ್ದನ್ನು ನೋಡಿದ್ದೇನೆ.

ಭದ್ರತೆ ಎಂದ ಕೂಡಲೇ ಹೆದರಬೇಡಿ. ಪ್ರತಿ ಬೆಳೆಗೆ ಇಂತಿಷ್ಟು ಹಣ ಠೇವಣಿ ಇಡಿ, ಆದಾಯದ ಲೆಕ್ಕ ಕೊಡಿ, ಮಾರಬೇಡಿ, ಅಡವಿಡಬೇಡಿ, ಮರ ಕಡಿಯಬೇಡಿ ಎಂಬಂಥ ಷರತ್ತುಗಳು ಬರಬಹುದು. ಪಹಣಿ ಇಟ್ಟುಕೊಂಡು ನೆಂಟರೊಬ್ಬರು ಜಾಮೀನು ನಿಲ್ಲಬೇಕಾಗಬಹುದು. ಮೇಲಿನ ನ್ಯಾಯಾಲಯದಲ್ಲಿ ಅಪೀಲು ನಡೆಯುವಷ್ಟು ಕಾಲವೂ ಗೆದ್ದವರ ಆಸ್ತಿಯನ್ನು ಪುಕ್ಕಟೆ ಅನುಭವಿಸುವಂತಿಲ್ಲ, ಸಮಂಜಸವಾದ ಮೊತ್ತ ಕಟ್ಟಿಸಿಕೊಂಡು ತಡೆ ಕೊಡಬಹುದು ಎಂದು ಬಾಡಿಗೆ ಕಟ್ಟಡದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2004ರ ಡಿಸೆಂಬರಿನಲ್ಲಿಯೇ ಹೇಳಿದೆ. ನೀವಾಗಿಯೇ ಒಂದು ಮೊತ್ತ ಕಟ್ಟುತ್ತೇನೆಂದು ಮುಂದೆ ಬಂದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಒಂದು ವೇಳೆ ತಡೆ ನಿರಾಕರಿಸಿದರೂ, ಸ್ವಾಧೀನ ಪಡೆಯುವ ಮುನ್ನ ಅವರಿಂದಲೇ ಭದ್ರತೆ ತೆಗೆದುಕೊಳ್ಳಿ ಎಂದು ನೀವು ಕೇಳಬಹುದು. 41ನೇ ಆದೇಶದ 6ನೇ ನಿಯಮ ಅದಕ್ಕೇ ಇರುವುದು. ಇದನ್ನು ಕೇಳುವವರು ಬಹಳ ಅಪರೂಪ, ಏಕೋ ತಿಳಿಯದು.

ತಡೆ ಸಿಕ್ಕಿತು ಎನ್ನಿ. ಆದೇಶವಾದ ಸಂಜೆಯೇ ಬಾಡೂಟ ಹಾಕಿಸಿದವರನ್ನು ಕಂಡಿದ್ದೇನೆ. ಮರುದಿನ ಬೆಳಿಗ್ಗೆ ಅಮೀನರು ಬಂದಿದ್ದರು. ಮೇಲಿನ ನ್ಯಾಯಾಲಯದ ಆದೇಶ ಕೆಳಗಿನ ನ್ಯಾಯಾಲಯಕ್ಕೆ ತಲುಪಿಯೇ ಇರಲಿಲ್ಲ. ತಡೆಯಾಜ್ಞೆ ಕೆಲಸ ಮಾಡುವುದು ಅದನ್ನು ಮೂಲ ನ್ಯಾಯಾಲಯಕ್ಕೆ ತಿಳಿಸಿದ ದಿನದಿಂದ. ಇಂಥ ಅಡಚಣೆಗೆಂದೇ ಕಾನೂನು ಒಂದು ಸಣ್ಣ ಅನುಕೂಲ ಮಾಡಿಕೊಟ್ಟಿದೆ: ‘ಇಂಥ ದಿನ ತಡೆಯಾಜ್ಞೆ ಆಗಿದೆ, ಇದು ನನಗೆ ಸ್ವತಃ ಗೊತ್ತು’ ಎಂದು ಅಪೀಲುದಾರರೇ ಪ್ರಮಾಣಪತ್ರ ಸಲ್ಲಿಸಿದರೆ, ಆದೇಶ ಕೈಸೇರುವ ತನಕ ಮೂಲ ನ್ಯಾಯಾಲಯ ಅದರಂತೆ ನಡೆಯಬೇಕು. ಆದ್ದರಿಂದ ತಡೆಯ ಅರ್ಜಿ ವಿಚಾರಣೆಗೆ ಬರುವ ದಿನ ನೀವೇ ಖುದ್ದಾಗಿ ನ್ಯಾಯಾಲಯದಲ್ಲಿರಿ. ಫೋನಿನಲ್ಲಿ ಕೇಳಿದ ಸುದ್ದಿ ಸ್ವಂತ ತಿಳಿವಳಿಕೆ ಆಗುವುದಿಲ್ಲ.

ಪಹಣಿಯನ್ನು ಮರೆಯಬೇಡಿ. ನಿಮ್ಮ ಡಿಕ್ರಿಯಲ್ಲಿ ಎರಡು ಭಾಗಗಳಿವೆ: ಹಕ್ಕಿನ ಘೋಷಣೆ ಮತ್ತು ಸ್ವಾಧೀನ. ಅಮಲ್ಜಾರಿಗೆ ಮಾತ್ರ ತಡೆ ಎಂದು ಆದೇಶ ಬಂದರೆ ಅಮೀನರು ನಿಲ್ಲುತ್ತಾರೆ. ಆದರೆ ಘೋಷಣೆಯನ್ನು ಹಿಡಿದುಕೊಂಡು ಅವರು ತಾಲ್ಲೂಕು ಕಚೇರಿಗೆ ಖಾತೆ ಬದಲಾವಣೆಗೆ ಹೋಗಬಹುದು. ತೀರ್ಪು ಮತ್ತು ಡಿಕ್ರಿಯ ಪರಿಣಾಮವನ್ನೇ ತಡೆಹಿಡಿಯಬೇಕೆಂದು ಪ್ರಾರ್ಥನೆಯಲ್ಲಿ ಸೇರಿಸಲು ವಕೀಲರಿಗೆ ಹೇಳಿ. ಆದೇಶದ ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಹಿಂಬರಹ ಪಡೆಯಿರಿ, ಪಹಣಿಯ 11ನೇ ಕಾಲಂನಲ್ಲಿ ನಮೂದಿಸಲು ಲಿಖಿತವಾಗಿ ಕೇಳಿ. ಜಮೀನು ಕೊಳ್ಳಲು ಬರುವವರು ಮೊದಲು ನೋಡುವುದು ಪಹಣಿಯನ್ನು, ನ್ಯಾಯಾಲಯದ ಕಡತವನ್ನಲ್ಲ.

ಇದೆಲ್ಲಕ್ಕೂ ಮುಂಚೆಯೇ ಸ್ವಾಧೀನ ಹೋಗಿಬಿಟ್ಟರೆ ‘ತಡೆ’ ಕೇಳಲು ಏನೂ ಉಳಿದಿರುವುದಿಲ್ಲ. ಆಗ ಅಪೀಲು ಮುಗಿಯುವವರೆಗೆ ಪರಭಾರೆ ಮಾಡದಂತೆ, ಸ್ವರೂಪ ಬದಲಿಸದಂತೆ ಅವರ ಮೇಲೆ ಪ್ರತಿಬಂಧಕಾಜ್ಞೆ ಕೇಳುವ ದಾರಿ ಮಾತ್ರ ಉಳಿಯುತ್ತದೆ. ಆ ಹಂತಕ್ಕೆ ಬಿಡಬೇಡಿ. ಈ ಸಂಚಿಕೆ ನಿಮ್ಮ ಕೈಗೆ ಬರುವುದಕ್ಕೆ ಕಾಯದೆ ಇರಲೆಂದು ಇಷ್ಟರ ಸಾರವನ್ನು ಪತ್ರಿಕೆಯ ಕಚೇರಿಯಿಂದ ನಿಮಗೆ ಅಂಚೆಯಲ್ಲಿ ಕಳುಹಿಸಿದ್ದಾರೆ.

ಪ್ರಶ್ನೆ: ಅಪ್ಪನ ಆಸ್ತಿಯಲ್ಲಿ ನನಗೆ ಮೂರನೇ ಒಂದು ಪಾಲು ಎಂದು ಪ್ರಾಥಮಿಕ ಡಿಕ್ರಿ ಆಗಿದೆ. ಅಣ್ಣಂದಿರು ಹೈಕೋರ್ಟಿಗೆ ಹೋಗಿದ್ದಾರೆ. ‘ಕೇಸು ಮೇಲಿದೆ, ಅದು ಮುಗಿಯುವ ತನಕ ನಿನಗೆ ಗುಂಟೆಯೂ ಇಲ್ಲ’ ಎನ್ನುತ್ತಾರೆ. ಅತ್ತಿಗೆಯರು ಹಬ್ಬಕ್ಕೂ ಕರೆಯುವುದನ್ನು ಬಿಟ್ಟಿದ್ದಾರೆ. ಹೌದೇ ಸರ್, ಕಾಯಲೇಬೇಕೇ?
ಓದುಗರು, ಮೈಸೂರು

ಉತ್ತರ: ಹಬ್ಬದ ವಿಷಯದಲ್ಲಿ ನಾನು ಅಸಹಾಯಕ, ತಾಯಿ. ಪಾಲಿನ ವಿಷಯಕ್ಕೆ ಬರೋಣ. ಮೇಲಿನ ಪತ್ರಕ್ಕೆ ಹೇಳಿದ ನಿಯಮವೇ ಇಲ್ಲಿ ನಿಮ್ಮ ಪರವಾಗಿದೆ. ಅಣ್ಣಂದಿರು ಅಪೀಲು ಹಾಕಿದ್ದಾರೆ, ತಡೆಯಾಜ್ಞೆ ತಂದಿದ್ದಾರೆಯೇ? ಇದೊಂದನ್ನು ಪತ್ತೆ ಮಾಡಿ. ನ್ಯಾಯಾಲಯಗಳ ಜಾಲತಾಣದಲ್ಲಿ ಪ್ರಕರಣದ ಸಂಖ್ಯೆ ಹಾಕಿದರೆ ಆದೇಶಗಳು ಕಾಣುತ್ತವೆ, ಯಾರ ಮನೆಯ ಜಗಲಿಗೂ ಹೋಗಿ ಕೇಳಬೇಕಾಗಿಲ್ಲ.

ತಡೆ ಇಲ್ಲದಿದ್ದರೆ ಅಂತಿಮ ಡಿಕ್ರಿಯ ಕೆಲಸ ನಡೆಸಬಹುದು. ಪ್ರಾಥಮಿಕ ಡಿಕ್ರಿ ಪಾಲೆಷ್ಟು ಎಂದು ಹೇಳುತ್ತದೆ, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದು ಹೇಳುವುದು ಅಂತಿಮ ಡಿಕ್ರಿ. ಮನೆ, ನಿವೇಶನಗಳಿಗೆ ನ್ಯಾಯಾಲಯ ಕಮಿಷನರರನ್ನು ನೇಮಿಸುತ್ತದೆ. ಕಂದಾಯದ ಜಮೀನಾದರೆ ಸಂಹಿತೆಯ 54ನೇ ಕಲಮಿನಂತೆ ಕಂದಾಯ ಇಲಾಖೆಯ ಮೂಲಕ ಅಳತೆಯಾಗಿ ಭಾಗವಾಗಬೇಕು. ಪ್ರಾಥಮಿಕ ಡಿಕ್ರಿ ಕೊಟ್ಟು ಕಡತವನ್ನು ಕಟ್ಟಿಡಬೇಡಿ, ಅಂತಿಮ ಡಿಕ್ರಿಗೆಂದು ತಾವಾಗಿಯೇ ಮುಂದಿನ ದಿನಾಂಕ ಕೊಡಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ದೇಶದ ವಿಚಾರಣಾ ನ್ಯಾಯಾಲಯಗಳಿಗೆ ಸೂಚಿಸಿದೆ. ನಿಮ್ಮ ಕಡತಕ್ಕೆ ದಿನಾಂಕ ಬಿದ್ದಿಲ್ಲವಾದರೆ ಅಂತಿಮ ಡಿಕ್ರಿಗೆ ನೀವೇ ಅರ್ಜಿ ಹಾಕಿ.

ಅಪೀಲು ಬರುತ್ತದೆಂಬ ಅನುಮಾನ ಇದ್ದಾಗಲೇ ಕೇವಿಯಟ್ ಹಾಕಿದ್ದರೆ ನಿಮ್ಮ ಮಾತು ಕೇಳದೆ ತಡೆ ಕೊಡುವ ಸಂದರ್ಭ ತಪ್ಪುತ್ತಿತ್ತು. ಅದರ ಆಯುಸ್ಸು 90 ದಿನ, ಬೇಕೆಂದರೆ ಮತ್ತೆ ಹಾಕಬಹುದು. ಈಗ ಅಪೀಲಿನಲ್ಲಿ ವಕಾಲತ್ತು ಹಾಕಿಸಿ, ತಡೆಯ ಅರ್ಜಿಗೆ ಆಕ್ಷೇಪಣೆ ಸಲ್ಲಿಸಿ. ಅಷ್ಟರಲ್ಲಿ ಅಣ್ಣಂದಿರು ಯಾವುದಾದರೂ ನಿವೇಶನ ಮಾರಿದರೂ ಕೊಂಡವರು ವ್ಯಾಜ್ಯದ ಫಲಕ್ಕೆ ಬದ್ಧರು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮು ಹೇಳುವುದು ಅದನ್ನೇ. ಹೈಕೋರ್ಟಿನಿಂದ ತಡೆ ಬಂದೇ ಬಿಟ್ಟರೂ, ಬಾಡಿಗೆ ಬರುವ ಆಸ್ತಿ ಇದ್ದರೆ ನಿಮ್ಮ ಪಾಲಿನ ಬಾಡಿಗೆಯನ್ನು ಠೇವಣಿ ಇಡುವ ಷರತ್ತು ಹಾಕಿ ಎಂದು ಕೇಳುವುದನ್ನು ಬಿಡಬೇಡಿ.

ಪ್ರಶ್ನೆ: ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿಯೇ ಬಿದ್ದುಹೋಗುತ್ತದಂತೆ, ನಿಜವೇ?
ಓದುಗರು, ಶ್ರೀರಂಗಪಟ್ಟಣ

ಉತ್ತರ: ಹಳೆಯ ಸುದ್ದಿ. 2018ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಾಗೆ ಹೇಳಿತ್ತು. 2024ರ ಫೆಬ್ರುವರಿ 29ರಂದು ಐವರ ಸಂವಿಧಾನ ಪೀಠ ಅದನ್ನು ಬದಿಗಿರಿಸಿತು. ಕಾಲ ಕಳೆದ ಮಾತ್ರಕ್ಕೆ ತಡೆಯಾಜ್ಞೆ ಬೀಳುವುದಿಲ್ಲ. ಆದರೆ ನಿಮ್ಮ ಆದೇಶದ ಹಾಳೆಯ ಕೊನೆಯ ಸಾಲನ್ನೊಮ್ಮೆ ಓದಿ. ‘ಮುಂದಿನ ವಿಚಾರಣೆಯ ದಿನಾಂಕದವರೆಗೆ’ ಎಂದಿದ್ದರೆ ಅದು ಆ ದಿನಕ್ಕೇ ಮುಗಿಯಿತು. ವಾಯಿದೆಯ ದಿನ ವಕೀಲರು ಎದ್ದು ನಿಂತು ಮುಂದುವರಿಕೆ ಕೇಳಬೇಕು, ಮುಂದುವರಿಸಿದ್ದನ್ನು ಆದೇಶ ಹಾಳೆಯಲ್ಲಿ ಬರೆಸಬೇಕು. ‘ಅಪೀಲು ಇತ್ಯರ್ಥವಾಗುವವರೆಗೆ’ ಎಂದಿದ್ದರೆ ಷರತ್ತಿನ ಹಣವನ್ನು ಹೇಳಿದ ದಿನಕ್ಕೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅದನ್ನು ಕಟ್ಟುವುದು ತಪ್ಪಿದ ಕೂಡಲೇ ತಡೆ ತೆರವಿಗೆ ಅರ್ಜಿ ಬೀಳುತ್ತದೆ.